ನಿಮಗಾಗಿ ನೀವು ದಿನಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳುತ್ತೀರಾ?

ಹೊಂಗೆ ನೆರಳು (ಮೈಸೂರು)
ಫೆಬ್ರವರಿ 9, ರಾತ್ರಿ 11.10

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮ ಅತ್ತೆಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳಾಯಿತು. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಅಪರೂಪಕ್ಕೆ ಒಂದೊಂದು ಪದ ಬರುತ್ತದೆ, ಅದೂ ತಡವರಿಸಿಕೊಂಡು. ನೋಡಿಕೊಳ್ಳುವವಳು ನಾನೇ. ಅವರ ಮೇಲೆ ನನಗೆ ಒಂದು ಚೂರೂ ಬೇಸರವಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಟೈಫಾಯಿಡ್ ಆದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವರು ಅವರು.

ಹೋದ ವಾರ ಬೆಳಿಗ್ಗೆ ಆರು ಗಂಟೆಗೆ ಹಾಲು ತರಲು ಗೇಟ್ ತೆಗೆದೆ. ಮನೆ ಮುಂದಿನ ಹೊಂಗೆ ಮರ ಈಗ ಎಲೆ ಉದುರಿಸುತ್ತಿದೆ. ಗಾಳಿಯೇ ಇರಲಿಲ್ಲ. ಆದರೂ ಹಳದಿ ಎಲೆ ಒಂದಾದ ಮೇಲೆ ಒಂದು ತಿರುಗುತ್ತಾ ಇಳಿಯುತ್ತಿತ್ತು. ನೋಡುತ್ತಾ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎಷ್ಟೋ ತಿಂಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋದ ಹಾಗಾಯಿತು. ಒಳಗೆ ಬಂದ ಕೂಡಲೇ ಅಳು ಬಂತು. ಅತ್ತೆ ಎಚ್ಚರವಾಗಿ ನನಗಾಗಿ ಕಾಯುತ್ತಿದ್ದರು. ನಾನು ಮರ ನೋಡಿಕೊಂಡು ನಿಂತಿದ್ದೆನಲ್ಲ ಅಂತ.

ಕೇಳಬೇಕಾಗಿರುವುದು ಇಷ್ಟೇ. ನೀವೆಲ್ಲ ನಿಮಗೋಸ್ಕರ ಏನಾದರೂ ಮಾಡಿಕೊಳ್ಳುತ್ತೀರಾ? ಖರ್ಚಿನದ್ದಲ್ಲ, ಊರು ಬಿಟ್ಟು ಹೋಗುವುದಲ್ಲ. ಚಿಕ್ಕದು. ಮಾಡಿದ ಮೇಲೆ ತಪ್ಪು ಮಾಡಿದೆ ಅನ್ನಿಸುವುದಿಲ್ವಾ?

ಲಾಲ್‌ಬಾಗ್ ಬೆಂಚು (ಬೆಂಗಳೂರು)
ಫೆಬ್ರವರಿ 10, ಬೆಳಿಗ್ಗೆ 5.40

ಅಮ್ಮಾ, ನಿಮ್ಮ ಬರಹ ಓದಿ ಬೆಳಿಗ್ಗೆಯೇ ಉತ್ತರ ಬರೆಯಲು ಕೂತೆ.

ನನ್ನ ಹೆಂಡತಿಗೆ ಕಿಡ್ನಿ ತೊಂದರೆ ಇತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ವರ್ಷ ಹಾಗೆ ನಡೆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಲಾಲ್‌ಬಾಗ್ ಗೇಟ್ ಸಿಗುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದು ಸಲವೂ ಒಳಗೆ ಹೋಗಲಿಲ್ಲ. ಅವಳು ಹಾಸಿಗೆಯಲ್ಲಿರುವಾಗ ನಾನು ಹೂವು ನೋಡುವುದಾ ಅಂತ. ಒಂದು ದಿನ ಅವಳೇ ಕೇಳಿದಳು, "ಗುಲಾಬಿ ಬಣ್ಣದ ಮರ ಹೂ ಬಿಟ್ಟಿದೆಯಾ?" ನನಗೆ ಗೊತ್ತಿರಲಿಲ್ಲ. ಅವಳಿಗೆ ಹೇಳಲು ನನ್ನ ಹತ್ತಿರ ಮಾತ್ರೆ, ಬಿಲ್ಲು, ಅಪಾಯಿಂಟ್‌ಮೆಂಟ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮರುದಿನ ಹೋಗಿ ನೋಡಿಕೊಂಡು ಬಂದು ಹೇಳಿದೆ. ಆಮೇಲೆ ಅದೇ ನಮ್ಮ ಮಾತಾಯಿತು.

ಬೆಂಗಳೂರಿನಲ್ಲಿ ಇದಕ್ಕೆ ಬರವಿಲ್ಲ. ಕ್ರುಂಬಿಗಲ್ ಅಂತ ಜರ್ಮನಿಯ ತೋಟಗಾರರೊಬ್ಬರು 1908ರಲ್ಲಿ ಇಲ್ಲಿಗೆ ಬಂದರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡಬೇಕು ಅನ್ನುವ ಲೆಕ್ಕದಲ್ಲಿ ಬೀದಿಗಳಿಗೆ ಮರ ಆರಿಸಿದರು. ಈಗ ಗುಲಾಬಿ ಟಬೂಬಿಯಾ. ಅದರ ಬೆನ್ನಿಗೇ ಹಳದಿ. ಮಾರ್ಚ್‌ನಲ್ಲಿ ಜಕರಂಡಾ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ಅದು ರಾತ್ರಿ ಅರಳಿ ಬೆಳಿಗ್ಗೆ ರಸ್ತೆ ತುಂಬ ಬಿದ್ದಿರುತ್ತದೆ. ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು ಅವಳ ದಿಂಬಿನ ಪಕ್ಕ ಇಡುತ್ತಿದ್ದೆ.

ಈಗ ಅವಳಿಲ್ಲ. ದಿನಾ ಹೋಗಿ ಕೆಂಪೇಗೌಡರ ಗೋಪುರ ಇರುವ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಳಗಿನ ಬಿಸಿಲಿಗೆ ನಿಧಾನಕ್ಕೆ ಬೆಚ್ಚಗಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ: ತಪ್ಪು ಅನ್ನಿಸುವುದಿಲ್ಲ. ಮೊದಲ ನಾಲ್ಕು ವರ್ಷ ಹೋಗದೆ ಇದ್ದದ್ದೇ ತಪ್ಪು ಅನ್ನಿಸುತ್ತದೆ.

ಬಿಸಿ ರೊಟ್ಟಿ (ಧಾರವಾಡ)
ಫೆಬ್ರವರಿ 10, ಮಧ್ಯಾಹ್ನ 1.25

ಅಕ್ಕಾರೇ, ನಾನು ಶಾಲೆಯಲ್ಲಿ ಟೀಚರ್. ನನ್ನದು ರೊಟ್ಟಿ ಕಥೆ.

ನಮ್ಮ ಮನೆಯಲ್ಲಿ ಏಳು ಜನ. ದಿನಾ ಇಪ್ಪತ್ತೈದು ಜೋಳದ ರೊಟ್ಟಿ ಬಡಿಯಬೇಕು. ಎಲ್ಲರದ್ದೂ ಊಟ ಆದ ಮೇಲೆ ನನ್ನದು. ಆಗ ರೊಟ್ಟಿ ತಣ್ಣಗಾಗಿರುತ್ತದೆ, ಪಲ್ಯ ಬುಡ ಹಿಡಿದಿರುತ್ತದೆ. ಹದಿನೆಂಟು ವರ್ಷ ಹಾಗೇ ಉಂಡೆ. ಒಂದು ದಿನ ಮಗಳು ಕೇಳಿದಳು, "ಅವ್ವಾ, ನಿನಗೆ ಬಿಸಿ ರೊಟ್ಟಿ ಸೇರೂದಿಲ್ಲೇನು?" ಅವಳು ನಿಜವಾಗಿಯೂ ಹಾಗೆ ತಿಳಿದಿದ್ದಳು. ಅವ್ವನಿಗೆ ತಣ್ಣನೆಯದೇ ಇಷ್ಟ ಅಂತ.

ಅವತ್ತಿನಿಂದ ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನದು. ಹಿತ್ತಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂರುತ್ತೇನೆ. ಶೇಂಗಾ ಚಟ್ನಿ, ಕೆನೆ ಮೊಸರು. ಎದುರಿಗೆ ಬೇವಿನ ಮರ. ಯುಗಾದಿ ಹೊತ್ತಿಗೆ ಅದರ ಹೂವಿನ ವಾಸನೆ ಸಂಜೆ ಎಷ್ಟು ಚೆಂದ ಬರುತ್ತದೆ ಅಂದರೆ, ಅಷ್ಟು ವರ್ಷ ಅದೇ ಹಿತ್ತಲಿನಲ್ಲಿ ಪಾತ್ರೆ ತೊಳೆದರೂ ನನಗೆ ಗೊತ್ತಾಗಿರಲಿಲ್ಲ. ಒಂದು ರೊಟ್ಟಿ ತಿನ್ನಲು ಐದು ನಿಮಿಷ. ಉಳಿದ ಇಪ್ಪತ್ನಾಲ್ಕು ಆಮೇಲೆ.

ಮೊದಲ ವಾರ ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಎರಡನೇ ವಾರ ಅವರೂ ಬಂದು ಪಕ್ಕದಲ್ಲಿ ಕೂತರು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಯಜಮಾನರು ಏನು ಮಾಡುತ್ತಾರೆ? ಅವರ ತಾಯಿ ತಾನೇ?

ಹೊಂಗೆ ನೆರಳು (ಮೈಸೂರು)
ಫೆಬ್ರವರಿ 10, ರಾತ್ರಿ 10.50

ಟೀಚರ್, ತಪ್ಪೇನಿಲ್ಲ. ಅವರು ಒಳ್ಳೆಯವರು. ಕೆಲಸ ಮುಗಿಸಿ ಬರುವಾಗ ಎಂಟು ಗಂಟೆ ಆಗುತ್ತದೆ. ಬಂದ ಕೂಡಲೇ ಅಮ್ಮನ ಹತ್ತಿರ ಕೂರುತ್ತಾರೆ. ಆದರೆ ಬಟ್ಟೆ ಬದಲಿಸುವುದು, ಊಟ ಮಾಡಿಸುವುದು ಅವರಿಗೆ ಬರುವುದಿಲ್ಲ. ಕಲಿಸಿಕೊಡಿ ಅಂತ ಅವರು ಕೇಳಿಲ್ಲ, ಕಲಿಯಿರಿ ಅಂತ ನಾನೂ ಹೇಳಿಲ್ಲ. ಅವರಿಗೇ ತಿಳಿಯಲಿ ಅಂತ ಕಾದೆ. ಹದಿನಾಲ್ಕು ತಿಂಗಳು ಕಾದೆ.

ಹೊಲಿಗೆ ಮಿಷಿನ್ (ಪೀಣ್ಯ, ಬೆಂಗಳೂರು)
ಫೆಬ್ರವರಿ 11, ರಾತ್ರಿ 10.15

ನಿಮ್ಮೆಲ್ಲರ ಮಾತು ಓದಲು ಚೆನ್ನಾಗಿದೆ. ಆದರೆ ನನಗೆ ಸಂಕಟವೂ ಆಯಿತು. ಹೇಳಿಬಿಡುತ್ತೇನೆ.

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಊರು ಮದ್ದೂರಿನ ಹತ್ತಿರ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಮಗನನ್ನು ಶಾಲೆಗೆ ರೆಡಿ ಮಾಡಿ, ಎಂಟೂವರೆಗೆ ಮಿಷಿನ್ ಮುಂದೆ ಕೂರಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಬಾತ್‌ರೂಮಿಗೆ ಹೋದರೂ ಎಷ್ಟು ಹೊತ್ತು ಅಂತ ನೋಡುತ್ತಾರೆ. ಮನೆ ಅಂದರೆ ಒಂದು ರೂಮು. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ. ನನ್ನ ಹಿತ್ತಲು ಎಲ್ಲಿದೆ? ನನ್ನ ಬಂಡೆ ಎಲ್ಲಿದೆ? ಹತ್ತು ನಿಮಿಷ ಅನ್ನುವುದು ಎಲ್ಲರ ಹತ್ತಿರವೂ ಇರುವುದಿಲ್ಲ.

ಊರಲ್ಲಿದ್ದಾಗ ಗದ್ದೆ ಬದುವಿನ ಮೇಲೆ ಓಡಾಡಿದವಳು ನಾನು. ಅದು ನೆನಪಾಗಿ ಹೊಟ್ಟೆ ಉರಿಯಿತು ಅಷ್ಟೇ. ಯಾರ ಮೇಲೂ ಕೋಪವಿಲ್ಲ.

ಲಾಲ್‌ಬಾಗ್ ಬೆಂಚು (ಬೆಂಗಳೂರು)
ಫೆಬ್ರವರಿ 12, ಬೆಳಿಗ್ಗೆ 5.35

ನೋಡಮ್ಮಾ, ನೀನು ಹೇಳಿದ್ದು ಸರಿ. ಪಿಂಚಣಿ ಬರುವ ನನಗೂ ನಿನಗೂ ಒಂದೇ ಅಳತೆ ಇಡಲು ಆಗುವುದಿಲ್ಲ. ನಿನ್ನ ಹತ್ತು ನಿಮಿಷವನ್ನು ಬೇರೆಯವರು ಹಿಡಿದಿಟ್ಟುಕೊಂಡಿದ್ದಾರೆ. ಅದು ನಿನ್ನ ಕೊರತೆ ಅಲ್ಲ.

ಒಂದೇ ಒಂದು ಕೇಳುತ್ತೇನೆ. ಫ್ಯಾಕ್ಟರಿ ಗೇಟಿನಿಂದ ಬಸ್ ಸ್ಟಾಪಿನ ತನಕ ಯಾವ ಮರ ಇದೆ?

ಹೊಲಿಗೆ ಮಿಷಿನ್ (ಪೀಣ್ಯ, ಬೆಂಗಳೂರು)
ಫೆಬ್ರವರಿ 12, ರಾತ್ರಿ 9.50

ಒಂದು ದೊಡ್ಡ ಮರ ಇದೆ ಸರ್. ಛತ್ರಿ ಥರ ರಸ್ತೆ ಪೂರ್ತಿ ಹರಡಿಕೊಂಡಿದೆ. ಕಪ್ಪು ಕಾಯಿ ಬಿದ್ದಿರುತ್ತದೆ, ಚಪ್ಪಲಿಗೆ ಅಂಟುತ್ತದೆ. ಹೆಸರು ಗೊತ್ತಿಲ್ಲ.

ಲಾಲ್‌ಬಾಗ್ ಬೆಂಚು (ಬೆಂಗಳೂರು)
ಫೆಬ್ರವರಿ 13, ಬೆಳಿಗ್ಗೆ 5.50

ಅದು ಮಳೆಮರ. ಆ ಕಾಯಿ ಜಜ್ಜಿ ಉಂಡೆ ಮಾಡಿ ನಾವು ಚಿಕ್ಕವರಿದ್ದಾಗ ಕ್ರಿಕೆಟ್ ಆಡುತ್ತಿದ್ದೆವು. ಬೆಳಿಗ್ಗೆ ಹೋಗುವಾಗ ಒಂದು ಸಲ ತಲೆ ಎತ್ತಿ ಎಲೆ ನೋಡು. ಸಂಜೆ ವಾಪಸ್ ಬರುವಾಗ ಇನ್ನೊಂದು ಸಲ ನೋಡು. ಏನು ಬದಲಾಗಿದೆ ಅಂತ ಹೇಳು. ಈಗ ಎಲೆ ಉದುರುವ ಕಾಲ. ಉದುರಿದ್ದರೆ ಹೊಸ ಎಲೆ ಬರುವ ತನಕ ಕಾದು ನೋಡು. ನಾನು ಉತ್ತರ ಹೇಳುವುದಿಲ್ಲ.

ನೈಟ್ ಡ್ಯೂಟಿ (ಮಂಗಳೂರು)
ಫೆಬ್ರವರಿ 14, ಬೆಳಿಗ್ಗೆ 8.20

ನಾನು ನರ್ಸ್. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೈಸೂರಿನ ಅಕ್ಕನಿಗೆ ಒಂದು ಪ್ರಶ್ನೆ. ನಿಮ್ಮ ಅತ್ತೆಯ ಮಂಚ ಯಾವ ಕಡೆಗಿದೆ? ಮಲಗಿದಲ್ಲಿಂದ ಅವರಿಗೆ ಏನು ಕಾಣುತ್ತದೆ?

ಯಾಕೆ ಕೇಳಿದೆ ಅಂದರೆ, ನಾವು ಓದುವಾಗ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯದ್ದು. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಪಿತ್ತಕೋಶದ ಆಪರೇಷನ್ ಆಗಿತ್ತು. 23 ಜನರ ಕಿಟಕಿಯಿಂದ ಮರ ಕಾಣುತ್ತಿತ್ತು. ಇನ್ನು 23 ಜನರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು. ಅವರಿಗೆ ಬಲವಾದ ನೋವಿನ ಔಷಧಿ ಕಡಿಮೆ ಸಾಕಾಯಿತು. ಚಿಕ್ಕ ಅಧ್ಯಯನ, ಲಕ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಮರ ನೋಡಿದರೆ ಕೈ ಎದ್ದು ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆಗೆ ಎಲ್ಲರೂ ಯಾಕೆ ಆಸೆ ಪಡುತ್ತಾರೆ ಅಂತ ನಾನು ದಿನಾ ನೋಡುತ್ತೇನೆ.

ಇನ್ನು ನಿಮ್ಮ ಬಗ್ಗೆ. ಹಾಸಿಗೆ ಹುಣ್ಣು ಆಗದಿರಲು 2 ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುತ್ತಿದ್ದೀರಿ ಅಲ್ವಾ? ಅದೇ ನಿಮ್ಮ ಗಡಿಯಾರ. ಮಗ್ಗುಲು ಬದಲಿಸಿ, ಬಾಯಿ ಒದ್ದೆ ಮಾಡಿ, ಬಟ್ಟೆ ಒಣಗಿದೆಯಾ ನೋಡಿ. ಆಮೇಲಿನ ಹತ್ತು ನಿಮಿಷ ನಿಮ್ಮದು. ಅವರ ಎಡಗೈಗೆ ಸಿಗುವ ಹಾಗೆ ಪೂಜೆಯ ಗಂಟೆ ಇಡಿ. ಬೇಕಾದರೆ ಬಾರಿಸಲಿ. ಗಂಟೆ ಇದೆ ಅಂತ ಗೊತ್ತಿದ್ದರೆ ನಿಮ್ಮ ಮನಸ್ಸೂ ಗೇಟಿನ ಹತ್ತಿರವೇ ಇರುತ್ತದೆ, ಒಳಗೆ ಓಡುವುದಿಲ್ಲ.

ರಾತ್ರಿ ನೀವು ಎಷ್ಟು ಸಲ ಏಳುತ್ತೀರಿ? ನಿದ್ದೆ ಕೆಟ್ಟು ಕೆಟ್ಟು ಬರುವ ಅಳು ಬೇರೆಯೇ. ಯಜಮಾನರಿಗೆ ಒಂದು ರಾತ್ರಿ ಪಾಳಿ ಕೊಡಿ. ಕಲಿಯುವುದು ಕಷ್ಟವಲ್ಲ, ನಾನು ಗಂಡಸರಿಗೆ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಎರಡು ದಿನ ಸಾಕು.

ಕರಿಬೇವಿನ ಕುಂಡ (ಸ್ಟಾಕ್‌ಹೋಮ್)
ಫೆಬ್ರವರಿ 15, ರಾತ್ರಿ 12.30

ನಾನು ಶಿವಮೊಗ್ಗದವನು, ಈಗ ಸ್ವೀಡನ್‌ನಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ ಒಂಬತ್ತಕ್ಕೆ, ಮುಳುಗುವುದು ಮೂರಕ್ಕೆ ಮುಂಚೆ. ಮೊದಲ ವರ್ಷ ನಾನು ಹಗಲು ಕಂಡಿದ್ದೇ ಆಫೀಸ್ ಗಾಜಿನ ಆಚೆ. ಮನೆಗೆ ಫೋನ್ ಮಾಡಿದರೆ ಚೆನ್ನಾಗಿದ್ದೇನೆ ಅನ್ನುತ್ತಿದ್ದೆ.

ಇಲ್ಲಿಯವರು ಮಧ್ಯಾಹ್ನ ಊಟದ ಹೊತ್ತಿಗೆ ಎಂಥ ಚಳಿಯಿದ್ದರೂ ಹೊರಗೆ ಒಂದು ಸುತ್ತು ಹೋಗುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನನ್ನನ್ನೂ ಎಳೆದುಕೊಂಡು ಹೋದರು. ಈ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಾಡು ಯಾರದ್ದೇ ಆಗಿರಲಿ, ಹಾಳು ಮಾಡದೆ ಯಾರು ಬೇಕಾದರೂ ಓಡಾಡಬಹುದು, ಕಾಡಿನ ಹಣ್ಣು ಕಿತ್ತು ತಿನ್ನಬಹುದು. 1994ರಲ್ಲಿ ಅದು ಅವರ ಸಂವಿಧಾನಕ್ಕೂ ಸೇರಿತು. ಆಗಸ್ಟ್‌ನಲ್ಲಿ ನಾವು ನೀಲಿ ಬೆರ್ರಿ ಕಿತ್ತು ಬಾಯೆಲ್ಲ ಬಣ್ಣ ಮಾಡಿಕೊಂಡು ಬರುತ್ತೇವೆ. ನನಗೆ ನೇರಳೆ ಹಣ್ಣಿನ ನೆನಪು.

ಕಿಟಕಿಯಲ್ಲಿ ಒಂದು ಕರಿಬೇವು ಇಟ್ಟಿದ್ದೇನೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಕಡ್ಡಿ ಆಗುತ್ತದೆ. ನೀರು ಜಾಸ್ತಿ ಹಾಕಿದರೆ ಸತ್ತೇ ಹೋಗುತ್ತದೆ. ಸುಮ್ನೆ ಬಿಡಬೇಕು. ನಿನ್ನೆ ನೋಡಿದರೆ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಹಸಿರು. ಒಗ್ಗರಣೆಗೆ ಕೀಳಲು ಮನಸ್ಸು ಬರುವುದಿಲ್ಲ. ಬೆರಳಲ್ಲಿ ಉಜ್ಜಿ ವಾಸನೆ ನೋಡಿ ಬಿಡುತ್ತೇನೆ. ಅಮ್ಮನ ಅಡುಗೆ ಮನೆ ಬಂದ ಹಾಗಾಗುತ್ತದೆ.

ತೋಟದ ಮನೆ (ತೀರ್ಥಹಳ್ಳಿ)
ಫೆಬ್ರವರಿ 17, ರಾತ್ರಿ 8.40

ಇದನ್ನು ಹೇಳಲೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ.

ನನ್ನ ಸುತ್ತ ಹಸಿರು ಬಿಟ್ಟು ಬೇರೇನೂ ಇಲ್ಲ. ಪೇಟೆಯವರು ಬಂದರೆ ಪುಣ್ಯವಂತರು ನೀವು ಅನ್ನುತ್ತಾರೆ. ಕೆಲವು ವರ್ಷದ ಹಿಂದೆ ಮಳೆ ಬಿಡಲೇ ಇಲ್ಲ. ಅಡಿಕೆಗೆ ಕೊಳೆರೋಗ ಬರದ ಹಾಗೆ ಹೊಡೆಯುವ ಬೋರ್ಡೋ ಔಷಧಿ ಮೊದಲ ಸಲ ಹೊಡೆಸಿದ್ದೆ. ಎರಡನೇ ಸಲಕ್ಕೆ ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಿದ್ದೆ. ಮರ ಜಾರುತ್ತಿತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಹತ್ತಲು ಆಗಲಿಲ್ಲ. ಕೊಳೆ ಬಂತು. ಬೆಳಿಗ್ಗೆ ಹೋದರೆ ಬುಡದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿರುತ್ತಿತ್ತು. ನೋಡಿ ನೋಡಿ ಒಂದು ದಿನ ನಾನು ಹಾಸಿಗೆಯಿಂದ ಏಳಲೇ ಇಲ್ಲ. ಊಟ ಬೇಡ, ಮಾತು ಬೇಡ. ಮಳೆ ಶಬ್ದ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬದುಕುವುದೇ ಬೇಡ ಅನ್ನಿಸಿದ್ದೂ ಉಂಟು. ಆ ಹಸಿರು ನನಗೆ ಏನೂ ಮಾಡಲಿಲ್ಲ.

ಹೆಂಡತಿ ಒತ್ತಾಯ ಮಾಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರ್ ಅಂತ ಗೊತ್ತಾದಾಗ ನನಗೆ ನಾಚಿಕೆಯಾಯಿತು. ಮಾತ್ರೆ ಕೊಟ್ಟರು. ಕೆಲಸ ಮಾಡಲು ಮೂರು ನಾಲ್ಕು ವಾರ ಬೇಕು ಅಂದರು, ಹಾಗೇ ಆಯಿತು. ಜೊತೆಗೆ ಬೆಳಿಗ್ಗೆ ಎದ್ದು ಮನೆಯಿಂದ ಆಚೆ ಬನ್ನಿ, ತೋಟದ ಕೆಲಸಕ್ಕಲ್ಲ, ಸುಮ್ನೆ ಬನ್ನಿ ಅಂದರು. ನಾನು ಹುಟ್ಟಿದ ಮೇಲೆ ತೋಟಕ್ಕೆ ಸುಮ್ನೆ ಹೋದವನೇ ಅಲ್ಲ. ಕೈಯಲ್ಲಿ ಕತ್ತಿ ಇಲ್ಲದೆ ಹೋಗುವುದೇ ವಿಚಿತ್ರ ಅನ್ನಿಸಿತು.

ಹಳ್ಳದ ಹತ್ತಿರ ಕೂತೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಯಾರೋ ಹುಡುಗ ಶಿಳ್ಳೆ ಹೊಡೆಯುತ್ತಾ ಹೋದ ಹಾಗೆ ಕೇಳಿಸಿತು. ರಾಗ ಎಲ್ಲಿಗೋ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಬೇರೆ ಕಡೆಯಿಂದ ಶುರು. ಅದು ಕಡುನೀಲಿ ಬಣ್ಣದ ಶಿಳ್ಳೆಹಕ್ಕಿ. ಮಳೆಗಾಲದಲ್ಲೇ ಅದು ಜಾಸ್ತಿ ಹಾಡುವುದು. ಚಿಕ್ಕಂದಿನಿಂದ ಕೇಳಿದ್ದೇನೆ. ಅವತ್ತು ಮೊದಲ ಸಲ ಅದು ನಿಲ್ಲಿಸುವ ತನಕ ಕೂತು ಕೇಳಿದೆ.

ನಾನು ಹೇಳುವುದು ಏನೆಂದರೆ, ಹಕ್ಕಿ ಮಾತ್ರೆಯ ಬದಲಿಗೆ ಅಲ್ಲ. ಮಾತ್ರೆ ನನ್ನನ್ನು ಹಳ್ಳದ ತನಕ ನಡೆಸಿತು. ಯಾರಿಗಾದರೂ ನನ್ನ ಹಾಗೆ ಆಗಿದ್ದರೆ ಮರ ನೋಡಿದರೆ ಸರಿಹೋಗುತ್ತದೆ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಂಗೆ ನೆರಳು ಅಕ್ಕ, ಅಳು ದಿನಾ ಬರುತ್ತಿದ್ದರೆ ನೀವೂ ಮಾಡಿ.

ಬಿಸಿ ರೊಟ್ಟಿ (ಧಾರವಾಡ)
ಫೆಬ್ರವರಿ 17, ರಾತ್ರಿ 9.30

ತೋಟದ ಮನೆ ಅಣ್ಣಾ, ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ಕೈಯಲ್ಲಿ ಕತ್ತಿ ಇಲ್ಲದೆ ತೋಟಕ್ಕೆ ಹೋದೆ ಅಂದಿರಲ್ಲ, ಅದನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹೊಂಗೆ ನೆರಳು (ಮೈಸೂರು)
ಮಾರ್ಚ್ 2, ಮಧ್ಯಾಹ್ನ 3.10

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಉತ್ತರ ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ.

ಮಂಗಳೂರಿನ ತಂಗಿ ಕೇಳಿದ ಮೇಲೆ ನಾನು ಅತ್ತೆಯ ಮಂಚದ ಮೇಲೆ ಮಲಗಿ ನೋಡಿದೆ. ಕಾಣುವುದು ಗೋಡೆ, ಹಳೆಯ ಕ್ಯಾಲೆಂಡರ್, ಟ್ಯೂಬ್‌ಲೈಟ್. ಅಷ್ಟೇ. ಹದಿನಾಲ್ಕು ತಿಂಗಳು ಅವರು ಅದನ್ನೇ ನೋಡಿದ್ದಾರೆ. ಕಿಟಕಿಗೆ ಅಡ್ಡವಾಗಿ ಬೀರು ಇತ್ತು. ಅವತ್ತೇ ರಾತ್ರಿ ಯಜಮಾನರಿಗೆ ಹೇಳಿದೆ. ಭಾನುವಾರ ಪಕ್ಕದ ಮನೆ ಹುಡುಗನನ್ನು ಕರೆದು ಬೀರು ಸರಿಸಿ, ಮಂಚ ತಿರುಗಿಸಿದೆವು. ಈಗ ಹೊಂಗೆ ಮರ ಪೂರ್ತಿ ಕಾಣುತ್ತದೆ.

ಇನ್ನೊಂದೂ ಕೇಳಿದೆ. ಟೀಚರ್ ಹೇಳಿದ್ದು ಮನಸ್ಸಿನಲ್ಲಿತ್ತು. ಅಮ್ಮನಿಗೆ ಊಟ ಮಾಡಿಸುವುದು ಕಲಿಯಿರಿ ಅಂದೆ. ಅವರ ಮುಖ ಸಣ್ಣದಾಯಿತು. "ನಾನು ಮಾಡಿದರೆ ಅವಳಿಗೆ ನೆತ್ತಿಗೇರಿದರೆ ಅಂತ ಭಯ" ಅಂದರು. ಇಷ್ಟು ದಿನ ನಾನು ಅಂದುಕೊಂಡದ್ದೇ ಬೇರೆ. ತಲೆ ಎತ್ತರಿಸಿ ಕೂರಿಸುವುದು, ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು, ಎಲ್ಲ ತೋರಿಸಿದೆ. ಈಗ ಭಾನುವಾರ ಬೆಳಗ್ಗೆ ಅವರ ಪಾಳಿ.

ನಾನು ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಕುವೆಂಪು ಅವರು ದಿನಾ ನಡೆದ ದಂಡೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ, ಮೂರು ವರ್ಷದಿಂದ ಹೋಗಿರಲಿಲ್ಲ. ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಿದ್ದವು. ಹಾವಕ್ಕಿಯೊಂದು ಮರದ ಕೊಂಬೆ ಮೇಲೆ ರೆಕ್ಕೆ ಅಗಲಿಸಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಅರ್ಧ ಗಂಟೆ ಕೂತಿದ್ದೆ. ಮೊದಲ ಭಾನುವಾರ ಫೋನನ್ನು ಹತ್ತು ಸಲ ನೋಡಿದೆ. ನಿನ್ನೆ ಎರಡೇ ಸಲ.

ಹೊಲಿಗೆ ಮಿಷಿನ್ (ಪೀಣ್ಯ, ಬೆಂಗಳೂರು)
ಮಾರ್ಚ್ 16, ರಾತ್ರಿ 10.05

ಬೆಂಚು ಸರ್, ಹೊಸ ಎಲೆ ಬಂತು. ಉತ್ತರವೂ ಸಿಕ್ಕಿತು. ಸಂಜೆ ಎಲೆಗಳು ಮುಚ್ಚಿಕೊಳ್ಳುತ್ತವೆ! ಬೆಳಿಗ್ಗೆ ಹರಡಿಕೊಂಡಿರುತ್ತವೆ. ಊರಲ್ಲಿ ಮುಟ್ಟಿದರೆ ಮುನಿ ಗಿಡ ಇರುತ್ತದಲ್ಲ, ಹಾಗೇ ಜೋಡಿ ಜೋಡಿಯಾಗಿ ಮಡಚಿಕೊಂಡಿದ್ದವು. ಆರು ವರ್ಷ ಅದರ ಕೆಳಗೇ ಬಸ್ಸಿಗೆ ಕಾದಿದ್ದೇನೆ. ಮೇಲೆ ನೋಡಿರಲಿಲ್ಲ.

ನನ್ನ ಜೊತೆಯವರಿಗೂ ತೋರಿಸಿದೆ. ನಾಲ್ಕು ಜನ ಕತ್ತು ಎತ್ತಿ ನಿಂತಿದ್ದೆವು, ಒಂದು ಬಸ್ ಬಿಟ್ಟೆವು. ದಿನವೆಲ್ಲ ಬಗ್ಗಿ ಹೊಲಿದು ಕತ್ತು ಹಿಡಿದಿರುತ್ತದೆ, ಮೇಲೆ ನೋಡಿದ್ದಕ್ಕೆ ಅದಕ್ಕೂ ಹಾಯಾಯಿತು. ಟಾರ್ಗೆಟ್ ಕಡಿಮೆ ಆಗಿಲ್ಲ. ಅದಕ್ಕೆ ಬೇರೆ ದಾರಿಯಲ್ಲಿ ಹೋರಾಡಬೇಕು, ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೇವೆ. ಆದರೆ ಆ ಮರ ಈಗ ನಮ್ಮದು ಅನ್ನಿಸುತ್ತದೆ.

ಲಾಲ್‌ಬಾಗ್ ಬೆಂಚು (ಬೆಂಗಳೂರು)
ಮಾರ್ಚ್ 17, ಬೆಳಿಗ್ಗೆ 5.45

ಮುಟ್ಟಿದರೆ ಮುನಿಯೂ ಮಳೆಮರವೂ ಒಂದೇ ಕುಟುಂಬ ಕಣಮ್ಮ. ನೀನೇ ಕಂಡುಹಿಡಿದೆ. ಮೋಡ ಕವಿದು ಮಳೆ ಬರುವಾಗಲೂ ನೋಡು, ಹಗಲಲ್ಲೇ ಮುಚ್ಚಿಕೊಳ್ಳುತ್ತದೆ.

ಹೊಂಗೆ ನೆರಳು (ಮೈಸೂರು)
ಯುಗಾದಿ ಹಬ್ಬ, ಸಂಜೆ 6.20

ಎಲ್ಲರಿಗೂ ಹಬ್ಬದ ಶುಭಾಶಯ.

ಬೆಳಿಗ್ಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಒಲೆ ಮೇಲೆ ಹಾಲಿತ್ತು. ಒಳಗಿನಿಂದ ಗಂಟೆ ಕೇಳಿಸಿತು. ಅತ್ತೆ ಹಾಗೆಲ್ಲ ಬಾರಿಸುವುದಿಲ್ಲ, ತೀರಾ ಬೇಕಾದಾಗ ಮಾತ್ರ. ಕೈ ಕೂಡ ತೊಳೆಯದೆ ಓಡಿದೆ. ಬಟ್ಟೆ ಒಣಗಿತ್ತು. ನೀರು ಬೇಕಾ ಅಂದೆ, ತಲೆ ಆಡಿಸಿ ಬೇಡ ಅಂದರು. ನೋವಾ ಅಂದೆ, ಅದೂ ಅಲ್ಲ. ಎಡಗೈ ಎತ್ತಿ ಕಿಟಕಿ ಕಡೆ ತೋರಿಸಿದರು.

ಹೊರಗೆ ಬಟ್ಟೆ ಒಣಹಾಕುವ ತಂತಿಯ ಕೊನೆಯಲ್ಲಿ ನಾರು, ತೊಗಟೆ ಚೂರು, ಜೇಡರ ಬಲೆ ಸೇರಿಸಿ ಒಂದು ಪುಟ್ಟ ಚೀಲ ನೇತಾಡುತ್ತಿತ್ತು. ಸೂರಕ್ಕಿ ಗೂಡು. ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಏನೋ ತಂದು ಒಳಗೆ ತೂರಿಸಿ, ಎದೆಯಿಂದ ಒತ್ತಿ ಒತ್ತಿ ಜಾಗ ಮಾಡುತ್ತಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಅದರ ಹಿಂದೆ ಹೊಂಗೆ ಮರ ಹೊಸ ಎಲೆಯಲ್ಲಿ ಹೊಳೆಯುತ್ತಿತ್ತು.

"ನೋಡೇ" ಅಂದರು ಅತ್ತೆ.

ಮಂಚದ ಅಂಚಿನಲ್ಲಿ ಕೂತೆ. ಹಕ್ಕಿ ಹೋಯಿತು, ಬಂತು, ಮತ್ತೆ ಹೋಯಿತು. ಹಾಲು ಉಕ್ಕಿದ ವಾಸನೆ ಬಂದರೂ ಏಳಲಿಲ್ಲ. ಯಜಮಾನರು ಹೋಗಿ ಒಲೆ ಆರಿಸಿದರು. ಆ ತಂತಿಯ ಮೇಲೆ ಇನ್ನು ಬಟ್ಟೆ ಹಾಕುವ ಹಾಗಿಲ್ಲ, ಮಹಡಿ ಮೇಲೆ ಹೊಸದು ಕಟ್ಟುತ್ತೇನೆ ಅಂದಿದ್ದಾರೆ.